ಮೇಲ್ಮನೆಯಲ್ಲಿ ಒಂದು ಜಾಗ ಖಾಲಿ

ಭಾನುವಾರ ಸಂಜೆ ಮೂವರೂ ಒಟ್ಟಿಗೆ ಬಂದರು. ಮುಂದೆ ಪೇಂಟರ್, ಅವನ ಹಿಂದೆ ಟೀಚರ್, ಮೆಟ್ಟಿಲ ಮೇಲೆ ಕನ್ನಡಕ ಅನ್ನುವವನು. ಚಪ್ಪಲಿ ಬಿಡುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ನನ್ನ ಗಂಡ ಹೋದ ಮೇಲೆ ನಮ್ಮ ಮನೆಗೆ ಬರುವವರೆಲ್ಲ ಹಾಗೆಯೇ. ಕಾಲ ಕಡೆ ನೋಡುತ್ತಿದ್ದರೆ ನನ್ನ ಮುಖ ನೋಡುವುದು ತಪ್ಪುತ್ತದೆ.

ಇವರು ಅವನ ಬ್ಯಾಂಡಿನವರು. ಪೇಂಟರ್ ಹಗಲು ಅಂಗಡಿಗಳ ಬೋರ್ಡು ಬರೆಯುತ್ತಾನೆ, ಬ್ಯಾಂಡಿನಲ್ಲಿ ಬೇಸ್ ಗಿಟಾರ್. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನಿಗೆ ಕನ್ನಡಕ ಅಂತಲೇ ಹೆಸರು, ಗಿಟಾರ್ ಅವನದು. ಟೀಚರ್ ಬೆಳಿಗ್ಗೆ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿ ಸಂಜೆ ಹಾಡುತ್ತಾಳೆ. ಡ್ರಮ್ ನನ್ನ ಗಂಡನದು. ಮದುವೆ, ಹೋಟೆಲು, ಕಾಲೇಜು ಅಂತ ಕರೆದಲ್ಲಿಗೆ ಹೋಗುತ್ತಿದ್ದರು. ಯಾರೂ ಕರೆಯದಿದ್ದಾಗ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ತಮಗೆ ತಾವೇ ನುಡಿಸಿಕೊಳ್ಳುತ್ತಿದ್ದರು.

ಅತ್ತೆ ಟೀ ಕೊಟ್ಟರು. ಪೇಂಟರ್ ಲೋಟ ಕೈಯಲ್ಲಿ ತಿರುಗಿಸಿದ.

"ಅಮ್ಮ, ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು. ಅಂದ್ರೆ, ಅತ್ತಿಗೆ ಹತ್ರ."

"ಯಾರ ಹತ್ರ ಅಂತ ಮೊದಲು ತೀರ್ಮಾನ ಮಾಡ್ಕೋ."

"ಇಬ್ಬರ ಹತ್ರಾನೂ. ಮೇಲ್ಮನೆ ವಿಷಯ."

"ಯಾಕೆ, ಮೇಲಿನ ಮನೆಯವರು ಖಾಲಿ ಮಾಡ್ತಿದ್ದಾರಾ?" ಅತ್ತೆ ಚಾವಣಿ ನೋಡಿದರು.

ಟೀಚರ್ ನಕ್ಕುಬಿಟ್ಟಳು. ನಕ್ಕ ಮೇಲೆ ನನ್ನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು. ನನಗೂ ನಗು ಬಂದಿತ್ತು. ಅದನ್ನು ಅವಳಿಗೆ ಹೇಳಬೇಕು ಅನ್ನಿಸಿತು.

ಮೇಲ್ಮನೆ ಅನ್ನುವುದು ವ್ಯಾನಿನಲ್ಲಿ ಹೊತ್ತು ಕಳೆಯಲು ಹುಟ್ಟಿದ ಆಟ. ಸತ್ತುಹೋದ ವಾದ್ಯದವರನ್ನೆಲ್ಲ ಸೇರಿಸಿ ಒಂದು ಬ್ಯಾಂಡ್ ಕಟ್ಟಿದರೆ ಅದರಲ್ಲಿ ಯಾರು ಯಾರು ಇರಬೇಕು? ಅದು ಮೇಲ್ಮನೆ. ತಾವು ನಾಲ್ವರು ಕೆಳಮನೆ. ಕೆಳಮನೆಯವರು ಮತ ಹಾಕಿ ಮೇಲ್ಮನೆಗೆ ಆರಿಸಬೇಕು. ಆಯ್ಕೆ ಅವಿರೋಧವಾಗಬೇಕು, ಒಬ್ಬರು ಬೇಡ ಅಂದರೂ ಬಿತ್ತು. ಜಗಳವಾಡಿ ಜಗಳವಾಡಿ ಕೆಲವರನ್ನು ಆರಿಸಿದ್ದರು. ಹಡಗಿನಲ್ಲಿ ಕಹಳೆ ಊದುತ್ತಿದ್ದ ಒಬ್ಬ, ಅವನದು ಒಂದೇ ಒಂದು ರೆಕಾರ್ಡ್ ಉಳಿದಿದೆ. ರೈಲ್ವೆ ಸ್ಟೇಷನ್ನಿನ ಕುರುಡ ಅಕಾರ್ಡಿಯನ್‌ನವನು. ಹೋಟೆಲಿನಲ್ಲಿ ಪಿಯಾನೊ ನುಡಿಸುತ್ತಿದ್ದ ಒಬ್ಬ ಅಜ್ಜಿ. ಹಾಡಲಿಕ್ಕೆ ಕೆಮ್ಮಮ್ಮ. ಅವಳ ನಿಜವಾದ ಹೆಸರು ಏನೇ ಇರಲಿ, ರೆಕಾರ್ಡಿನ ಕೊನೆಯಲ್ಲಿ ಒಮ್ಮೆ ಕೆಮ್ಮುತ್ತಾಳೆ, ಆ ಕೆಮ್ಮಿಗೇ ನಾಲ್ಕು ವೋಟು ಬಿದ್ದವು. ಪೇಂಟರ್ ಇವರನ್ನೆಲ್ಲ ಟೈರ್ ಅಂಗಡಿಯ ಕೋಣೆಯ ಗೋಡೆಯ ಮೇಲೆ ಆಳೆತ್ತರಕ್ಕೆ ಬರೆದಿದ್ದ.

ಡ್ರಮ್ಮಿನ ಹಿಂದೆ ಮಾತ್ರ ಒಂದು ಸ್ಟೂಲು. ಯಾರೂ ಇಲ್ಲ.

ಅದಕ್ಕೆ ನನ್ನ ಗಂಡನೇ ಕಾರಣ. ಯಾವ ಸತ್ತ ಡ್ರಮ್ಮರ್ ಹೆಸರು ಎತ್ತಿದರೂ ಅವನು ಕಿವಿಗೊಟ್ಟು ಕೇಳಿ ಒಂದೇ ಮಾತು ಹೇಳುತ್ತಿದ್ದ. "ಓಡ್ತಾನೆ." ಹಾಡು ಹೊರಟ ವೇಗದಲ್ಲಿ ಮುಗಿಯಬೇಕು. ನಡುವೆ ಗೊತ್ತಾಗದ ಹಾಗೆ ಬೇಗವಾಗುತ್ತ ಹೋದರೆ ಅದನ್ನು ಅವರು ಓಡುವುದು ಅನ್ನುತ್ತಾರೆ. ಡ್ರಮ್ಮಿನವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ದೊಡ್ಡ ದೊಡ್ಡವರನ್ನೆಲ್ಲ ಅವನು ಆ ಒಂದು ಮಾತಿನಲ್ಲಿ ಹೊರಗಟ್ಟಿದ್ದ.

"ಈಗ ಆ ಸ್ಟೂಲಿನ ಮೇಲೆ ಅವನನ್ನ ಬರೀಬೇಕು ಅಂತಿದ್ದೀವಿ," ಪೇಂಟರ್ ಹೇಳಿದ. "ಒಂದು ಒಳ್ಳೆ ಫೋಟೊ ಬೇಕು. ಆಮೇಲೆ..." ಅವನು ಟೀಚರ್ ಕಡೆ ನೋಡಿದ.

"ವೋಟು," ಅಂದಳು ಟೀಚರ್. "ನಮ್ಮ ಮೂರು ವೋಟು ಬಿದ್ದಾಯ್ತು. ಅವನ ವೋಟು ಅತ್ತಿಗೆ ಹಾಕ್ಬೇಕು. ಅವನ ಪರವಾಗಿ."

"ಸುಮ್ನೆ ಶಾಸ್ತ್ರಕ್ಕೆ," ಕನ್ನಡಕ ಸೇರಿಸಿದ.

ಅತ್ತೆ ಆಗಲೇ ಎದ್ದಿದ್ದರು. ಕಪಾಟಿನ ಮೇಲಿನ ಡಬ್ಬಿ ತೆಗೆದು ಫೋಟೊಗಳನ್ನು ಮಡಿಲಿಗೆ ಸುರಿದುಕೊಂಡರು. "ಇದು ಬೇಡ, ಇದರಲ್ಲಿ ಕೆನ್ನೆ ಒಳಗೆ ಹೋಗಿದೆ. ಇದು ನೋಡೋ. ಇದರಲ್ಲಿ ನಗ್ತಿದ್ದಾನೆ." ಅವರ ದನಿ ಎಷ್ಟೋ ತಿಂಗಳ ಮೇಲೆ ಏರಿತ್ತು.

ನಾನು ಹೇಳಿದೆ, "ಯೋಚಿಸಿ ಹೇಳ್ತೀನಿ."

ಅವರು ಹೋದ ಮೇಲೆ ಅತ್ತೆ ಲೋಟಗಳನ್ನು ತೊಳೆಯುತ್ತ ಬೆನ್ನು ಹಾಕಿಯೇ ಕೇಳಿದರು. "ಯೋಚನೆ ಮಾಡೋಕೆ ಏನಿದೆ ಅದರಲ್ಲಿ?"

ನಾನು ಉಳಿದ ಫೋಟೊಗಳನ್ನು ಡಬ್ಬಿಗೆ ತುಂಬಿದೆ.

ನನ್ನ ಗಂಡ ಓಡುತ್ತಿದ್ದ. ಯೋಚಿಸಬೇಕಾದದ್ದು ಅಷ್ಟೇ.

ನಾನು ನೀರು ಸರಬರಾಜಿನವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಗಾಜಿನ ಕೊಳವೆಯಿಂದ ನೀರಿನ ಮಾದರಿಗೆ ಒಂದೊಂದೇ ಹನಿ ರಾಸಾಯನಿಕ ಬಿಡುತ್ತ, ಬಣ್ಣ ತಿರುಗುವ ಹನಿಗಾಗಿ ಕಾಯುವುದು ನನ್ನ ಕೆಲಸ. ನೀರು ಏನು ಹೇಳುತ್ತದೋ ಅದನ್ನೇ ಬರೆಯಬೇಕು. ಹನಿ ಬೇಗ ಬೀಳತೊಡಗಿದರೆ ನೋಡದೆಯೇ ಕೈಗೆ ಗೊತ್ತಾಗುತ್ತದೆ. ಆ ಅಭ್ಯಾಸವೇ ನನ್ನನ್ನು ಕೆಡಿಸಿತು. ಅವರ ಅಭ್ಯಾಸದ ಕೋಣೆಯಲ್ಲಿ ಮೂಲೆಯ ಟೈರಿನ ಮೇಲೆ ಕೂತು ಕೇಳುತ್ತಿದ್ದಾಗ ಅವನು ಎಲ್ಲಿಂದ ಓಡತೊಡಗಿದ ಅಂತ ಪ್ರತಿ ಹಾಡಿನಲ್ಲೂ ತೋರಿಸಬಲ್ಲವಳಾಗಿದ್ದೆ. ಬೇರೆ ಎಲ್ಲರಲ್ಲೂ ಅದನ್ನು ಕೇಳಿಸಿಕೊಳ್ಳುತ್ತಿದ್ದ ಅವನಿಗೆ ತನ್ನದು ಮಾತ್ರ ಕೇಳಿಸುತ್ತಿರಲಿಲ್ಲ.

ಹೂಂ ಅಂದರೆ ಮುಗಿಯುತ್ತಿತ್ತು. ಗೋಡೆಯ ಮೇಲಿನ ಒಂದು ಚಿತ್ರ ತಾನೆ. ನನ್ನದೇ ವೋಟಾಗಿದ್ದರೆ ಆ ನಿಮಿಷವೇ ಹೂಂ ಅನ್ನುತ್ತಿದ್ದೆ. ಅವರು ಕೇಳಿದ್ದು ಅವನ ವೋಟು. ಅವನು ಆ ಆಟದಲ್ಲಿ ಒಮ್ಮೆಯೂ ಸುಳ್ಳು ವೋಟು ಹಾಕಿರಲಿಲ್ಲ.

ಜ್ವರ ಅಂತ ಆಸ್ಪತ್ರೆಗೆ ಹೋದವನು ಅವನು. ಕೊನೆಯ ದಿನ ಹಾಸಿಗೆಯ ಪಕ್ಕದ ಯಂತ್ರ ಅವನ ಎದೆಬಡಿತಕ್ಕೆ ಒಂದೊಂದು ಸದ್ದು ಮಾಡುತ್ತಿತ್ತು. ಸದ್ದು ಸಮವಾಗಿತ್ತು. ಇವತ್ತು ಓಡುತ್ತಿಲ್ಲ ಅಂದುಕೊಂಡೆ. ಗಂಡ ಸಾಯುತ್ತಿರುವಾಗ ಹೆಂಡತಿಗೆ ಬರಬೇಕಾದ ಯೋಚನೆ ಅದಲ್ಲ. ಅತ್ತೆ ಅವನ ಪಾದ ಹಿಡಿದು ಅಳುತ್ತಿದ್ದರು. ನಾನು ಲಯ ಕೇಳುತ್ತಿದ್ದೆ.

ಮುಂದಿನ ರಜೆಯ ದಿನ ಅತ್ತೆಯೂ ನಾನೂ ಬಸ್ಸಿನಲ್ಲಿ ಟೈರ್ ಅಂಗಡಿಗೆ ಹೋದೆವು. ಅತ್ತೆ ಆರಿಸಿದ ಫೋಟೊ ನನ್ನ ಚೀಲದಲ್ಲಿತ್ತು. ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು. ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇಗಳನ್ನು ಮುಟ್ಟಿ ನೋಡಿದರು.

"ಇದ್ಯಾಕೋ, ಕೋಳಿ ಸಾಕಿದ್ರಾ?"

"ಸದ್ದು ಆಚೆ ಹೋಗದೆ ಇರ್ಲಿ ಅಂತ ಅಮ್ಮ," ಅಂದ ಕನ್ನಡಕ. "ನಾವು ನುಡಿಸೋದು ಕೇಳಿ ಟೈರ್ ಪಂಕ್ಚರ್ ಆಗ್ತಿದ್ವಂತೆ."

ಅತ್ತೆ ನಕ್ಕರು. ಆಮೇಲೆ ಎದುರು ಗೋಡೆ ನೋಡಿ ನಿಂತುಬಿಟ್ಟರು. ಪೇಂಟರ್ ಆಗಲೇ ಸ್ಟೂಲಿನ ಮೇಲೆ ಅವನನ್ನು ಸೀಮೆಸುಣ್ಣದಲ್ಲಿ ಗೀಚಿದ್ದ. ಮುಂದಕ್ಕೆ ಬಾಗಿದ ಹೆಗಲು, ಮೇಲೆತ್ತಿದ ಎಡಗೈ, ಮಡಚಿದ ತೋಳು. ಮುಖ ಇರಲಿಲ್ಲ. ಮುಖವಿಲ್ಲದೆಯೂ ಅದು ಅವನೇ. ಅತ್ತೆ ಆ ತೋಳಿನ ಮೇಲೆ ಕೈಯಿಟ್ಟರು. ಬೆರಳಿಗೆ ಸುಣ್ಣ ಹತ್ತಿತು.

"ಮೊದಲು ಒಂದು ಹಾಡು ಕೇಳೋಣ," ಅಂದಳು ಟೀಚರ್. "ಅಮ್ಮನೂ ಬಂದಿದ್ದಾರೆ."

ಅವರೇ ಆ ಕೋಣೆಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಹಾಡು. ಮಗುವನ್ನು ಮಲಗಿಸುವ ಹಾಗೆ ಶುರುವಾಗುತ್ತದೆ. ಎರಡನೆಯ ಚರಣಕ್ಕೆ ಮಗು ಎದ್ದು ಕೂತಿರುತ್ತದೆ. ಮುಗಿಯುವ ಹೊತ್ತಿಗೆ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಹೊರಟಿರುತ್ತಾರೆ. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ತಲೆಯೂ ಬೇಗ ಬೇಗ ತೂಗತೊಡಗಿತು. ನಾನು ಚೀಲದ ಹಿಡಿ ಹಿಡಿದುಕೊಂಡು ಕೂತಿದ್ದೆ.

ಹಾಡು ನಿಂತಿತು. ಕನ್ನಡಕ ಗಂಟಲು ಸರಿಮಾಡಿಕೊಂಡು ಸದನದ ದನಿಯಲ್ಲಿ ಹೇಳಿದ. "ಮೇಲ್ಮನೆಯ ಡ್ರಮ್ ಸ್ಥಾನಕ್ಕೆ ಒಂದೇ ಹೆಸರು ಬಂದಿದೆ. ಮೂರು ವೋಟು ಪರವಾಗಿ. ನಾಲ್ಕನೇದು?"

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಕಣ್ಣಲ್ಲೇ ಹೇಳು ಅಂದರು.

"ಓಡ್ತಾನೆ," ಅಂದೆ.

ಹೊರಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಆ ಸದ್ದು ನಿಂತಿತು.

"ಹೌದು ಮತ್ತೆ," ಅತ್ತೆ ಎಲ್ಲರನ್ನೂ ನೋಡುತ್ತ ಹೇಳಿದರು. "ಚಿಕ್ಕಂದಿನಿಂದ ಹಾಗೇ. ಒಂದು ಕಡೆ ನಿಲ್ತಿರಲಿಲ್ಲ, ಊಟಕ್ಕೆ ಕರೆದ್ರೂ ಓಡ್ತಿದ್ದ. ಅದಕ್ಕೇನೀಗ?"

ಯಾರೂ ನಗಲಿಲ್ಲ.

"ಅತ್ತಿಗೆ," ಕನ್ನಡಕನ ಮುಖ ಕೆಂಪಾಗಿತ್ತು. "ನಾವು ಕೇಳಿದ್ದು ನಿಮ್ಮ ಅಭಿಪ್ರಾಯ ಅಲ್ಲ. ಅವನ ವೋಟು."

"ಅವನದೇ ಹಾಕಿದೆ."

"ಸತ್ತವನ ಮೇಲೆ ಇಷ್ಟು..." ಅವನು ನಿಲ್ಲಿಸಿದ.

"ಸುಮ್ನಿರೋ," ಅಂದಳು ಟೀಚರ್. "ನಮಗೆ ಗೊತ್ತಿರಲಿಲ್ವಾ? ಅವನೊಬ್ಬನೇ ಓಡಿದ್ರೆ ತಪ್ಪು ಕೇಳಿಸುತ್ತೆ ಅಂತ ನಾವೂ ಹಿಂದೇನೇ ಓಡ್ತಿದ್ವಿ. ನನ್ನ ಉಸಿರು ಸಾಕಾಗ್ತಿರಲಿಲ್ಲ. ಕೊನೆ ಸಾಲು ಯಾವತ್ತಾದ್ರೂ ಪೂರ್ತಿ ಹಾಡಿದ್ದೀನಾ ನಾನು?"

"ಇಲ್ಲ," ಅಂದ ಪೇಂಟರ್. ಅವನು ಅಳುತ್ತಿದ್ದನೋ ನಗುತ್ತಿದ್ದನೋ ಹೇಳುವುದು ಕಷ್ಟ. "ಅವನನ್ನ ಈ ಗೋಡೆ ಮುಂದೆ ಕೂರಿಸಿ, ಹಾಡು ಹಾಕಿ, ಯಾರು ಅಂತ ಹೇಳದೆ ಕೇಳಿದ್ರೆ ಅವನೂ ಇದನ್ನೇ ಹೇಳ್ತಿದ್ದ. ಇದೇ ದನೀಲಿ."

"ನನ್ನ ವೋಟು ಕೇಳಿದ್ರೆ ಹೂಂ," ಅಂದೆ.

"ನಿಮಗೆ ವೋಟಿಲ್ಲ ಅತ್ತಿಗೆ," ಅಂದ ಪೇಂಟರ್. "ನೀವು ಕೆಳಮನೆಯವರಲ್ಲ."

"ಗೊತ್ತು."

"ಹಾಗಾದ್ರೆ ಬಿತ್ತು," ಅಂದ ಕನ್ನಡಕ. ಈಗ ಅವನ ದನಿಯಲ್ಲಿ ಸದನ ಇರಲಿಲ್ಲ.

ಪೇಂಟರ್ ಒದ್ದೆ ಬಟ್ಟೆ ತಂದು ಗೋಡೆಯ ಎದುರು ನಿಂತ. ತೋಳನ್ನು ಒರೆಸಿದ, ಹೆಗಲನ್ನು ಒರೆಸಿದ. ನಿಲ್ಲಿಸು ಅನ್ನಬಹುದಿತ್ತು. ಸ್ಟೂಲು ಬಣ್ಣದ್ದು, ಅದು ಹಾಗೇ ಉಳಿಯಿತು. ಅತ್ತೆ ಸುಣ್ಣ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದುಕೊಂಡಿದ್ದರು.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಹೊರಗೆ ನೋಡುತ್ತಲೇ ಕೇಳಿದರು.

"ಅಷ್ಟು ಕೆಟ್ಟದಾಗಿ ಬಾರಿಸ್ತಿದ್ನಾ ನನ್ನ ಮಗ?"

"ಇಲ್ಲ ಅತ್ತೆ. ಚೆನ್ನಾಗೇ ಬಾರಿಸ್ತಿದ್ದ. ಸ್ವಲ್ಪ ಬೇಗ."

"ಬೇಗ ಅಂದ್ರೆ?"

ಬಾಯಲ್ಲಿ ಹೇಳಲು ಬರಲಿಲ್ಲ. ಮುಂದಿನ ಸೀಟಿನ ಕಬ್ಬಿಣದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದೆ. ಮೊದಲು ಸರಿಯಾದದ್ದು, ಹೊರಟ ವೇಗದಲ್ಲೇ ಹೋಗುವುದು. ಆಮೇಲೆ ಅವನದು. ಅವನು ಎಲ್ಲಿ ಜಾರುತ್ತಿದ್ದ, ಎಲ್ಲಿ ಹಿಡಿತ ತಪ್ಪುತ್ತಿತ್ತು, ಎಲ್ಲ ನನ್ನ ಬೆರಳಿಗೆ ಗೊತ್ತಿತ್ತು.

ಅತ್ತೆ ತಿರುಗಿ ನನ್ನ ಕೈ ನೋಡಿದರು.

"ಎರಡನೇದು," ಅಂದರು. "ಅಡುಗೆಮನೆ ಡಬ್ಬಿ ಮೇಲೆ ಹೀಗೇ ಬಾರಿಸ್ತಿದ್ದ. ಹಸಿವಾದಾಗ."

ನಾನು ತಲೆಯಾಡಿಸಿದೆ.

"ಮೊದಲನೇದೂ ಕೇಳಿಸು ಇನ್ನೊಂದು ಸಲ. ವ್ಯತ್ಯಾಸ ಗೊತ್ತಾಗ್ಲಿ ನನಗೆ."

ಮತ್ತೆ ತಟ್ಟಿದೆ. ಬೆರಳನ್ನು ಎಷ್ಟು ತಡೆದರೂ ಮೊದಲನೆಯದು ಬರಲಿಲ್ಲ. ಎರಡನೆಯದೇ ಬಂತು.