ಬರಿಗಾಲ ಹರಕೆ

ಉಮ್ಮತ್ತೂರಿನ ಗುರುಮಲ್ಲಮ್ಮ ಗಂಗೋತ್ರಿಯಲ್ಲೇ ಬೂಟು ಬಿಚ್ಚಿಟ್ಟು ಗೋಮುಖದ ಹಿಮನದಿಗೆ ಬರಿಗಾಲಲ್ಲಿ ಹೊರಟಳು. "ಮಾದಪ್ಪನ ಬೆಟ್ಟನೇ ಬರಿಗಾಲಲ್ಲಿ ಅತ್ತೋಳು ನಾನು, ಗಂಗವ್ವ ಉಟ್ಟೋ ಜಾಗಕ್ಕೆ ಬೂಟಾಕಂಡ್ ಓಗ್ಲಾ? ಅರಕೆ ಅದೆ, ಸುಮ್ಕಿರಿ," ಎಂದು ಗಂಡನ ಬಾಯಿ ಮುಚ್ಚಿಸಿದಳು.

ಓರಗಿತ್ತಿ ನೀಲಾವತಿಗೆ ಮೈಯೆಲ್ಲ ಉರಿದುಹೋಯಿತು. ಜಮೀನು ಪಾಲಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ಅಣ್ಣತಮ್ಮಂದಿರು ಒಂದೇ ಟೂರಿಗೆ ಹೆಸರು ಕೊಟ್ಟು ಇವರನ್ನು ಗಂಟುಹಾಕಿದ್ದರು. ಈಗ ಆ ಗಂಡಸರಿಬ್ಬರೂ ಮುಂದೆ ಹೋಗಿಬಿಟ್ಟಿದ್ದರು. ಈ ಮೊಂಡು ಹೆಂಗಸು ಕಲ್ಲುದಾರಿಯಲ್ಲಿ ಕುಂಟುತ್ತಿದ್ದಳು; ಜೊತೆಗೆ ಉಳಿದವಳು ನೀಲಾವತಿಯೊಬ್ಬಳೇ.

ಹಿಮನದಿ ಕಣ್ಣಿಗೆ ಬೀಳುವ ಹೊತ್ತಿಗೆ ಗುರುಮಲ್ಲಮ್ಮ ಕುಸಿದು ಕೂತಳು. ಪಾದಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಇವಳಿಲ್ಲಿ ಸತ್ತರೆ ಊರವರು ಅದನ್ನೂ ನನ್ನ ತಲೆಗೇ ಕಟ್ಟುತ್ತಾರೆ ಎಂದು ಗೊಣಗುತ್ತ ನೀಲಾವತಿ ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ಅವಳಿಗೆ ತೊಡಿಸಿದಳು.

"ಅಂಥಾದ್ದೇನಕ್ಕ ಹರಕೆ?"

"ನಿನ್ ಮನೆ ಆಳಾಗೋಗ್ಲಿ ಅಂತ ಕಣಮ್ಮಿ," ಅಂದಳು ಗುರುಮಲ್ಲಮ್ಮ, ಕಣ್ಣು ಮಿಟುಕಿಸದೆ.

ನೀಲಾವತಿ ಮತ್ತೆ ಬಗ್ಗಿ ಎರಡೂ ಕಾಲುಚೀಲ ಕಿತ್ತುಕೊಂಡಳು.

"ಹಂಗಾದ್ರೆ ಬರಿಗಾಲಲ್ಲೇ ನಡಿಯಕ್ಕ. ದೇವರಿಗೆ ಹೊತ್ಕಂಡಿರೋ ಹರಕೆ, ಕೆಡಬಾರ್ದು."