ಚೆಕಿಂಗಮ್ಮನ ಹಿಂದೆ ಬಿದ್ದ ಕೆಂಪು ವ್ಯಾನು

ಇಪ್ಪತ್ತೆಂಟು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದ ಹೆಂಗಸು ಪರದೇಶಕ್ಕೆ ಹೋದರೂ ಪ್ರವಾಸಕ್ಕೆ ಹೋಗುವುದಿಲ್ಲ, ತಪಾಸಣೆಗೇ ಹೋಗುತ್ತಾಳೆ. ಕಂಡಕ್ಟರುಗಳು ಬೆನ್ನ ಹಿಂದೆ ಅವಳನ್ನು ಚೆಕಿಂಗಮ್ಮ ಎನ್ನುತ್ತಿದ್ದರು. ಬಸ್ಸು ಹತ್ತಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಟಿಕೆಟ್ ಇಲ್ಲದವನ ಮುಖ ತಾನಾಗಿಯೇ ಕಿಟಕಿಯ ಕಡೆ ತಿರುಗುತ್ತಿತ್ತು. ಆ ಕಣ್ಣಿನ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ನಿವೃತ್ತಿಯಾದ ಮೇಲೆ ತಪಾಸಣೆ ಮಾಡಲು ಬಸ್ಸುಗಳಿರಲಿಲ್ಲ, ನೆಂಟರಿಷ್ಟರಿದ್ದರು.

ಈ ಪ್ರವಾಸಕ್ಕೆ ಅಕ್ಕನ ಜೊತೆ ಬಂದಿದ್ದಳು. ಅಕ್ಕ ಬಟ್ಟೆ ಹೊಲಿಯುವವಳು. ವರ್ಷಗಟ್ಟಲೆ ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತ ಅಭ್ಯಾಸಕ್ಕೋ ಏನೋ, ಮಾತು ಕಡಿಮೆ. ಆದರೆ ಆಡಿದರೆ ಆಡಿದ್ದೇ. ಗಂಡನ ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವಳು, ಮದುವೆಮನೆಯಲ್ಲಿ ಎದುರಿಗೇ ಸಿಕ್ಕಿದರೂ ಗೋಡೆ ನೋಡಿದ ಹಾಗೆ ನೋಡುತ್ತಾಳೆ.

ನಾಲ್ಕನೆಯ ಸಂಜೆ ಹೋಟೆಲಿನ ಕೋಣೆಯಲ್ಲಿ ಚೆಕಿಂಗಮ್ಮನ ಓಲೆ ಕಾಣಲಿಲ್ಲ. ಅಮ್ಮ ಸಾಯುವ ಮುಂಚೆ ಚಿಕ್ಕವಳಿಗೆ ಅಂತ ಕೊಟ್ಟ ಓಲೆ. ಹಾಸಿಗೆ ಕೊಡವಿದ್ದಾಯಿತು, ಸೂಟ್‌ಕೇಸ್ ತಲೆಕೆಳಗು ಮಾಡಿದ್ದಾಯಿತು. ಕೊನೆಗೆ ಅಕ್ಕನ ಕಡೆ ತಿರುಗಿ ಬಸ್ಸಿನಲ್ಲಿ ಕೇಳುವ ದನಿಯಲ್ಲೇ ಕೇಳಿದಳು:

“ನಿನ್ನ ಚೀಲ ಒಂದ್ಸಲ ತೋರ್ಸು.”

ಅಕ್ಕ ತೋರಿಸಿದಳು. ಮಾತ್ರೆಯ ಡಬ್ಬಿ, ಕನ್ನಡಕ, ಒಳಲಂಗ, ಒಂದೊಂದನ್ನೇ ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. ಓಲೆ ಇರಲಿಲ್ಲ. ಅಷ್ಟಕ್ಕೇ ಚೆಕಿಂಗಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

“ಅಮ್ಮ ಅದನ್ನ ನಂಗೆ ಕೊಟ್ಟಾಗ್ಲೇ ನಿನ್ನ ಮುಖ ನೋಡಿದ್ದೆ ಬಿಡು” ಎಂದುಬಿಟ್ಟಳು.

ಅಕ್ಕ ಸಾಮಾನನ್ನೆಲ್ಲ ಮತ್ತೆ ತುಂಬಿ ಜಿಪ್ ಎಳೆದಳು. “ನಾಡಿದ್ದು ಊರಲ್ಲಿ ಇಳಿದ ಮೇಲೆ ನೀನ್ಯಾರೋ ನಾನ್ಯಾರೋ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳುವಾಗ ಚೆಕಿಂಗಮ್ಮನ ಹೆಬ್ಬೆರಳಿಗೆ ಏನೋ ಚುಚ್ಚಿತು. ಓಲೆ! ಕಳ್ಳರ ಕಣ್ಣಿಗೆ ಬೀಳಬಾರದೆಂದು ಬಂದ ದಿನವೇ ತಾನೇ ಅಡಗಿಸಿಟ್ಟದ್ದು. ಅಕ್ಕ ಸ್ನಾನದ ಮನೆಯಲ್ಲಿದ್ದಳು. ಹೊರಗೆ ಬಂದ ಕೂಡಲೇ ತಪ್ಪಾಯ್ತು ಎನ್ನಬೇಕು. ಆ ಮಾತನ್ನು ಚೆಕಿಂಗಮ್ಮ ಸಾವಿರಾರು ಬಾಯಿಂದ ಕೇಳಿದ್ದಳೇ ಹೊರತು ತಾನು ಆಡಿ ಅಭ್ಯಾಸವಿರಲಿಲ್ಲ. ಸ್ನಾನದ ಮನೆಯ ಬಾಗಿಲಿಗೆ ಎರಡು ಮಾತು ಒದರಿ ಮೆಟ್ಟಿಲಿಳಿದಳು.

ಹೋಟೆಲಿನ ಪಕ್ಕದಲ್ಲೇ ಬಾಡಿಗೆ ಕಾರಿನ ಅಂಗಡಿ. ಪರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟನ್ನು ಊರಲ್ಲಿದ್ದಾಗಲೇ ‘ಯಾವುದಕ್ಕೂ ಇರಲಿ’ ಎಂದು ಮಾಡಿಸಿದ್ದಳು. ಎಲ್ಲಿಗೆ ಹೋಗುವುದೆಂದು ಅಂಗಡಿಯವನು ಕೇಳಿದಾಗ ಗೋಡೆಯ ಮೇಲಿದ್ದ ಸರೋವರದ ಚಿತ್ರಕ್ಕೆ ಬೆರಳು ತೋರಿಸಿದಳು. ಹಳೆಯ ಗೀರನ್ನು ತನ್ನ ತಲೆಗೆ ಕಟ್ಟಿಯಾನೆಂದು ಕಾರಿನ ಸುತ್ತ ಬಗ್ಗಿ ಬಗ್ಗಿ ನಲವತ್ತೊಂದು ಫೋಟೊ ತೆಗೆದು ಹೊರಟಳು. ಅಕ್ಕನ ಮುಖ ನೋಡಿ ತಪ್ಪೊಪ್ಪಿಕೊಳ್ಳುವುದಕ್ಕಿಂತ ಗೊತ್ತಿಲ್ಲದ ದೇಶದ ಗೊತ್ತಿಲ್ಲದ ರಸ್ತೆ ಅವಳಿಗೆ ಸಲೀಸಾಗಿ ಕಂಡಿತ್ತು.

ಸ್ಟೀರಿಂಗು ಎಡಗಡೆ. ಇಂಡಿಕೇಟರ್ ಹಾಕಲು ಹೋದಾಗಲೆಲ್ಲ ವೈಪರ್ ಅಲ್ಲಾಡುತ್ತಿತ್ತು. ಬಿಸಿಲಿನಲ್ಲಿ ಗಾಜು ಒರೆಸುತ್ತ ಹೋಗುತ್ತಿದ್ದ ಕಾರನ್ನು ದಾರಿಹೋಕರು ನೋಡಿ ನಕ್ಕರೆ, ಇವರಿಗೆ ನನ್ನ ಮೇಲೇಕೆ ಕಣ್ಣು ಎಂದುಕೊಂಡಳು.

ಮಧ್ಯಾಹ್ನ ಘಾಟಿ ಶುರುವಾಗುವಲ್ಲಿ ಒಂದು ಸಣ್ಣ ಊಟದ ಅಂಗಡಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಹೊರಗೆ ಒಂದು ಕೆಂಪು ವ್ಯಾನು. ಚೆಕಿಂಗಮ್ಮ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಸೀಲು ಮುರಿದ ಸದ್ದು ಕೇಳಿದ ಮೇಲೇ ಕುಡಿದಳು. ಮಾತಿಗೆ ಮೊಬೈಲು ಇತ್ತು. ಇವಳು ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತಿತ್ತು, ಅವರು ಹೇಳಿದ್ದನ್ನು ಕನ್ನಡದಲ್ಲಿ.

“ತಾವು ಏಕಾಂಗಿಯಾಗಿ ಪ್ರಯಾಣ ಬೆಳೆಸುತ್ತಿರುವಿರಾ?” ಎಂದಿತು ಮೊಬೈಲು, ಮುದುಕಿಯ ಪರವಾಗಿ.

ಒಂಟಿ ಹೆಂಗಸು ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಾಳೆ! ಚೆಕಿಂಗಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಊಟ ಚೆನ್ನಾಗಿತ್ತು, ಅದೂ ಅನುಮಾನಕ್ಕೇ ಸೇರಿತು. ಎದ್ದು ಸರೋವರದ ದಾರಿ ಕೇಳಿ, ಮರ್ಯಾದೆಗೆಂದು ಮೊಬೈಲಿಗೆ ಒಂದು ಮಾತು ಹೇಳಿ ಹೊರಟಳು. ಮುದುಕಿ ಗೋಡೆಯ ಗಡಿಯಾರದಲ್ಲಿ ನಾಲ್ಕರ ಅಂಕಿಗೆ ಬೆರಳಿಟ್ಟು ಹುಬ್ಬೇರಿಸಿದಳು. ಅಂಗಡಿ ಮುಚ್ಚುವ ಹೊತ್ತಿರಬೇಕು, ನನಗೇನು? ಚೆಕಿಂಗಮ್ಮ ತಲೆಯಾಡಿಸಿ ಕಾರು ಹತ್ತಿದಳು.

ಸರೋವರ ಚಿತ್ರದಲ್ಲಿದ್ದ ಹಾಗೇ ಇತ್ತು. ದಂಡೆಯ ಕಲ್ಲಿನ ಮೇಲೆ ಒಂದು ತಾಸು ಕೂತಳು. ನಾಳೆಯಿಂದ ಅಕ್ಕನೂ ತನ್ನನ್ನು ಗೋಡೆ ನೋಡಿದ ಹಾಗೆ ನೋಡುತ್ತಾಳೆ ಎಂಬುದು ಅಲ್ಲಿ ನೆನಪಾಯಿತು. ಎರಡು ಸಲ ಮೊಬೈಲು ತೆಗೆದು ಅಕ್ಕನ ನಂಬರು ನೋಡಿ ಮತ್ತೆ ಒಳಗಿಟ್ಟಳು. ಹತ್ತಿದ ಘಾಟಿಯಲ್ಲೇ ಇಳಿಯಲು ಧೈರ್ಯ ಸಾಲದೆ ಆಚೆ ಬದಿಯ ಅಗಲ ರಸ್ತೆ ಹಿಡಿದಳು.

ಐದೂವರೆಯ ಹೊತ್ತಿಗೆ ಪೆಟ್ರೋಲ್ ಬಂಕು. ಬಂಕಿನವನು ಫೋನಿನಲ್ಲಿ ಮಾತಾಡುತ್ತಿದ್ದವನು ಇವಳ ಮುಖ ನೋಡಿದ, ಬಗ್ಗಿ ನಂಬರ್ ಪ್ಲೇಟು ನೋಡಿದ, ಫೋನಿನಲ್ಲಿ ಒಂದೊಂದೇ ಅಂಕಿ ಓದಿ ಹೇಳಿದ. ಆಮೇಲೆ ಕುರ್ಚಿ ಎಳೆದು, ಕೂತ್ಕೊಳ್ಳಿ ಎಂದು ಸನ್ನೆ ಮಾಡಿ, ಕಾಫಿಯನ್ನೂ ತಂದುಕೊಟ್ಟ. ಚೆಕಿಂಗಮ್ಮ ಕಾಫಿ ಮೂಸಿ ಕೆಳಗಿಟ್ಟು, ಅವನು ಕೂಗುತ್ತಿದ್ದರೂ ಕೇಳದೆ ಗಾಡಿ ಎತ್ತಿದಳು. ಮುಂದೆ ಸೇತುವೆಯ ಬಳಿ ರಸ್ತೆ ಕೆಲಸದವನೊಬ್ಬ ಎರಡೂ ಕೈ ಚಾಚಿ ಅಡ್ಡ ನಿಂತ. ಇವನೂ ಬಂಕಿನವನ ಕಡೆಯವನೇ. ಪಕ್ಕದಿಂದ ನುಸುಳಿದಳು, ವೈಪರ್ ಹಾಕಿಕೊಂಡೇ.

ಎದುರಿನ ಕನ್ನಡಿಯಲ್ಲಿ ಕೆಂಪು ವ್ಯಾನು ಕಾಣಿಸಿದ್ದು ಆಗ.

ಅದೇ ವ್ಯಾನು! ಲೈಟು ಮಿನುಗಿಸುತ್ತ, ಹಾರನ್ ಒತ್ತುತ್ತ ಬೆನ್ನು ಹತ್ತಿತ್ತು. ಭಯವಾಯಿತು, ಆದರೆ ಅದರ ಅಡಿಯಲ್ಲೆಲ್ಲೋ ಒಂದು ಸಂತೋಷವೂ ಇತ್ತು: ನನ್ನ ಕಣ್ಣು ಸುಳ್ಳು ಹೇಳಲಿಲ್ಲ! ಬಂಕು, ಸೇತುವೆ, ಅಂಗಡಿ, ಎಲ್ಲ ಒಂದೇ ಜಾಲ. ತಪ್ಪಿಸಿಕೊಳ್ಳಲು ಎಡಕ್ಕೆ ಸಿಕ್ಕಿದ ಸಂದಿಗೆ ತಿರುಗಿದಳು. ಆ ಸಂದಿ ಒಂದು ಮರ ಕೊಯ್ಯುವ ಮಿಲ್ಲಿನ ಅಂಗಳದಲ್ಲಿ ಮುಗಿಯಿತು. ವ್ಯಾನು ಹಿಂದೆ ಬಂದು ಅಡ್ಡ ನಿಂತಿತು.

ಚೆಕಿಂಗಮ್ಮ ಬಾಗಿಲುಗಳನ್ನು ಲಾಕ್ ಮಾಡಿ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಮುದುಕ ಇಳಿದ. ಮೊಣಕಾಲಿನವರೆಗೆ ಕೆಸರು, ಅಂಗೈಯೆಲ್ಲ ತರಚಿತ್ತು. ಅವನ ಹಿಂದೆ ಮುದುಕಿ, ಅಡುಗೆಯ ಬಟ್ಟೆ ಇನ್ನೂ ಸೊಂಟದಲ್ಲೇ. ಮುದುಕಿ ಕಿಟಕಿಗೆ ಬಂದು ಎರಡೂ ಅಂಗೈ ಗಾಜಿಗೆ ಒತ್ತಿ, ಒಳಗಿದ್ದವಳನ್ನು ನೋಡಿ ಬಿಕ್ಕಿ ಬಿಕ್ಕಿ ಅತ್ತಳು.

ನಾಟಕ ಚೆನ್ನಾಗಿ ಆಡ್ತಾಳೆ ಎಂದುಕೊಂಡಳು ಚೆಕಿಂಗಮ್ಮ.

ಮುದುಕ ತನ್ನ ಮೊಬೈಲಿಗೆ ಏನೋ ಹೇಳಿ ಅದನ್ನು ಗಾಜಿಗೆ ಹಿಡಿದ. ಅದರೊಳಗಿನ ಹೆಣ್ಣುದನಿ ನಿಧಾನವಾಗಿ, ಪುಸ್ತಕ ಓದಿದ ಹಾಗೆ ಹೇಳಿತು:

“ಹೋಗಿ ಮರಳಿ ಬರುವೆನು ಎಂದು ತಾವು ನುಡಿದಿರಿ. ನಾಲ್ಕು ಗಂಟೆಗೆ ಎಂದು ಒಪ್ಪಿದಿರಿ. ತಾವು ಬರಲಿಲ್ಲ. ತಿರುವಿನಲ್ಲಿ ತಡೆಗೋಡೆ ಮುರಿದಿತ್ತು. ನಾವು ಹಗ್ಗ ಕಟ್ಟಿ ಕಮರಿಗೆ ಇಳಿದು ತಮ್ಮ ಶವವನ್ನು ಹುಡುಕಿದೆವು.”

ಚೆಕಿಂಗಮ್ಮನ ಕೈಯಿಂದ ಕೊಡೆ ಜಾರಿತು.

ಹೌದು, ಅಂದಿದ್ದಳು. ಊಟ ಮುಗಿಸಿ ಎದ್ದವಳು ಮೊಬೈಲಿಗೆ ‘ಹೋಗಿ ಬರ್ತೀನಿ’ ಎಂದಿದ್ದಳು. ಅದರಲ್ಲೇನಿದೆ? ಬಾಡಿಗೆ ಮನೆ ಖಾಲಿ ಮಾಡುವವರೂ ಓನರಿಗೆ ಹೋಗಿ ಬರ್ತೀವಿ ಅನ್ನುತ್ತಾರೆ. ಯಾರೂ ಬರುವುದಿಲ್ಲ, ಯಾರೂ ಕಾಯುವುದಿಲ್ಲ. ಬರೀ ‘ಹೋಗ್ತೀನಿ’ ಎಂದರೆ ಅಪಶಕುನ ಅಂತ ಸೇರಿಸುವ ಬಾಲ ಅದು. ಈ ಇಬ್ಬರು ಆ ಬಾಲವನ್ನೇ ನಂಬಿ, ಗುರುತಿಲ್ಲದವಳಿಗಾಗಿ ದಾರಿಯುದ್ದಕ್ಕೂ ಫೋನು ಮಾಡಿ, ಈ ವಯಸ್ಸಿನಲ್ಲಿ ಹಗ್ಗ ಹಿಡಿದು ಇಳಿದಿದ್ದರು.

ಆಗ ಬೆಳಿಗ್ಗೆ ಸ್ನಾನದ ಮನೆಯ ಬಾಗಿಲಿಗೆ ಒದರಿದ ಎರಡು ಮಾತು ಕಿವಿಯಲ್ಲಿ ಕೇಳಿಸಿತು. “ನಾನು ಹೋಗ್ತೀನಿ.” ಅಕ್ಕನಿಗೆ ಆ ಬಾಲವನ್ನೂ ಕೊಟ್ಟಿರಲಿಲ್ಲ. ಚೆಕಿಂಗಮ್ಮನಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ.

ಬಾಗಿಲು ತೆಗೆದು ಇಳಿದಳು. ಮುದುಕಿ ಅವಳ ಭುಜ, ತೋಳು, ಕೆನ್ನೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಚೆಕಿಂಗಮ್ಮ ಕೈ ಮುಗಿದಳು. ಆಮೇಲೆ, ಮತ್ತೆ ಯೋಚಿಸಿದರೆ ಆಗುವುದಿಲ್ಲವೆಂದು, ಅಲ್ಲೇ ನಿಂತು ಅಕ್ಕನಿಗೆ ಫೋನು ಹಚ್ಚಿದಳು.

“ಅಕ್ಕಾ, ತಪ್ಪು ನಂದೇ. ಓಲೆ ನನ್ನ ಸಾಕ್ಸಲ್ಲೇ ಇತ್ತು, ಬೆಳಗ್ಗೇನೇ ಸಿಕ್ತು. ಹೇಳೋಕೆ ಬಾಯಿ ಬರ್ದೆ ಓಡಿ ಬಂದ್ಬಿಟ್ಟೆ. ಕ್ಷಮಿಸ್ಬಿಡು.”

“ಯಾರು ಮಾತಾಡ್ತಿರೋದು?” ಎಂದಳು ಅಕ್ಕ.

“ನಾನೇ ಕಣಕ್ಕಾ.”

“ಅವಳು ಹೀಗೆಲ್ಲ ಮಾತಾಡೋಳಲ್ಲ.” ಅಕ್ಕನ ದನಿ ತಗ್ಗಿತು. “ನಿನ್ನ ಪಕ್ಕದಲ್ಲಿ ಯಾರಾದ್ರೂ ಇದಾರಾ?”

“ಇದಾರೆ. ಇಬ್ರು.”

“ಹೆದರ್ಸಿ ಹೇಳಿಸ್ತಿದಾರಾ? ಬರೀ ಹೂಂ ಅನ್ನು, ಸಾಕು.”

“ಅಯ್ಯೋ ಇಲ್ಲಕ್ಕಾ, ನಿಜವಾಗ್ಲೂ ನಾನೇ…”

“ಹಾಗನ್ನು ಅಂತ್ಲೂ ಅವ್ರೇ ಹೇಳ್ಕೊಟ್ಟಿರ್ತಾರೆ.” ಫೋನಿನಲ್ಲಿ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ದಡದಡ ಹೆಜ್ಜೆ. “ನೋಡು, ಗಾಬರಿ ಬೀಳ್ಬೇಡ. ಅವ್ರಿಗೆ ಹೇಳು, ನನ್ನ ಬಿಟ್ಬಿಡಿ, ಬೇಕಾದ್ರೆ ನಮ್ಮಕ್ಕನ್ನ ಇಟ್ಕೊಳ್ಳಿ ಅಂತ. ನಾನು ಬರ್ತಿದೀನಿ. ಯಾವ ಊರು ಅದು, ಹೆಸ್ರು ಹೇಳು!”

ಚೆಕಿಂಗಮ್ಮನಿಗೆ ಆ ಊರಿನ ಹೆಸರು ಗೊತ್ತಿರಲಿಲ್ಲ. ಕೊಯ್ದಿಟ್ಟ ದಿಮ್ಮಿಯ ಮೇಲೆ ಕೂತು ಗೊಳೋ ಎಂದು ಅತ್ತಳು. ಅಳು ಕೇಳಿದ್ದೇ ತಡ, ಮಾತು ಕಡಿಮೆಯ ಅಕ್ಕ, ತಂಗಿಯನ್ನು ಹಿಡಿದಿಟ್ಟ ಆ ಪಾಪಿಗಳಿಗೆ ಹುಟ್ಟಿನಿಂದ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಸುರಿಯತೊಡಗಿದಳು. ಮುದುಕಿ ಅದು ತನಗೇ ಎಂದು ತಿಳಿಯದೆ, ಫೋನಿನ ಕಡೆ ತಲೆಯಾಡಿಸುತ್ತ ಚೆಕಿಂಗಮ್ಮನ ಬೆನ್ನು ಸವರುತ್ತಾ ನಿಂತಿದ್ದಳು.