ಖಾಲಿ ಮನೆಗಳ ಸಾಲು

ಹಳದಿ ಜಾಕೆಟ್‌ನವರನ್ನು ನಾನು ನಂಬುವುದಿಲ್ಲ. ಬಾಲ್ಟಿಮೋರಿನ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ಕರೆಂಟ್ ಕಂಪನಿಯವರಂತೆ ವೇಷ ಹಾಕಿಕೊಂಡು ಬಂದು, ಹಳೇ ಬಿಲ್ ತೋರಿಸಿ ಅಂತ ಬೆಣ್ಣೆ ಹಚ್ಚಿ, ಇನ್ಯಾವುದೋ ದುಬಾರಿ ಕಂಪನಿಗೆ ನಮ್ಮನ್ನು ಗಂಟುಹಾಕಿ ಹೋದವರು ಎಷ್ಟು ಮಂದಿಯೋ. ಅದಕ್ಕೇ ನಮ್ಮಲ್ಲೊಂದು ಏರ್ಪಾಡಿದೆ. ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಿವೆ. ಹಳದಿ ಜಾಕೆಟ್ ಕಂಡವರು ಪಕ್ಕದ ಗೋಡೆ ಕುಟ್ಟುತ್ತಾರೆ, ಅವರು ಅದರಾಚೆಯದನ್ನು. ಪರದೆಗಳು ಇಳಿಯುತ್ತವೆ, ಟಿವಿಗಳು ಬಾಯಿ ಮುಚ್ಚುತ್ತವೆ, ಇಡೀ ಸಾಲು ಉಸಿರು ಬಿಗಿಹಿಡಿದು ಕೂರುತ್ತದೆ. ಎದುರು ಸಾಲಿನಲ್ಲಿ ನಿಜವಾಗಿಯೂ ಯಾರೂ ಇಲ್ಲ. ಅಲ್ಲಿ ಬಾಗಿಲುಗಳಿಗೆ ಹಲಗೆ ಬಡಿದು ವರ್ಷಗಳಾದವು.

ಕೊರೋನಾ ಬಂದ ಬೇಸಿಗೆ ಅದು. ಬಿಲ್ ಕಟ್ಟಲಾಗದವರ ಕರೆಂಟ್ ಕೀಳಬಾರದು ಅಂತ ಸರ್ಕಾರ ಆಜ್ಞೆ ಹೊರಡಿಸಿತ್ತು. ನಾನು ಓಡಿಸುತ್ತಿದ್ದ ಶಾಲೆಯ ಬಸ್ಸೂ ನಿಂತಿತ್ತು, ನಮ್ಮ ಸಾಲಿನಲ್ಲಿ ಯಾರಿಗೂ ಬಿಲ್ ಕಟ್ಟುವ ಮಾತೇ ಇರಲಿಲ್ಲ. ಆದರೆ ಪಕ್ಕದ ಮನೆಯ ಲಿನ್‌ವುಡ್‌ಗೆ ಕರೆಂಟ್ ಅಂದರೆ ಉಸಿರು. ಉಕ್ಕಿನ ಕಾರ್ಖಾನೆ ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಮೂಗಿಗೆ ಕೊಳವೆ, ಕೋಣೆಯಲ್ಲಿ ಗುಂಯ್‌ಗುಡುವ ಆಮ್ಲಜನಕದ ಯಂತ್ರ. ಅದು ನಿಂತರೆ ಅವನೂ ನಿಂತ ಹಾಗೆಯೇ.

ಒಂದು ಬೆಳಿಗ್ಗೆ ಮಾಸ್ಕ್ ಹಾಕಿದ ಹುಡುಗಿಯೊಬ್ಬಳು ಹಳದಿ ಜಾಕೆಟ್‌ನಲ್ಲಿ ಬಂದಳು. ನಾನೇ ಗೋಡೆ ಕುಟ್ಟಿದೆ.

"ಯಾರಾದ್ರೂ ಇದ್ದೀರಾ? ಕಟ್ ಮಾಡೋಕೆ ಬಂದಿಲ್ಲ! ಮನೇಲಿ ಯಾರ್ಯಾರಿದ್ದೀರಿ ಅಂತ ಹೇಳಿ, ಅಷ್ಟೇ ಸಾಕು!" ಅಂತ ಬಾಗಿಲು ಬಾಗಿಲು ತಟ್ಟಿದಳು. ಒಂದು ಪರದೆಯೂ ಅಲುಗಲಿಲ್ಲ. ನನಗೆ ಹೆಮ್ಮೆಯಾಯಿತು.

ಅವಳು ಹೋದಮೇಲೆ ಲಿನ್‌ವುಡ್‌ನ ಹೆಂಡತಿ ಓಪಲ್ ಮೆಟ್ಟಿಲಿಗೆ ಬಂದಳು. "ದನಿ ಒಳ್ಳೇದಿತ್ತು ಕಣೇ ಡೊರೀಥಾ. ನಿಜವಾಗ್ಲೂ ಕಂಪನಿಯವಳೇ ಆಗಿದ್ರೆ?"

"ಆಗಿದ್ರೆ ಇನ್ನೂ ಕೆಟ್ಟದ್ದು, ಹೆಸರು ಬರ್ಕೊಂಡು ಬಾಕಿ ವಸೂಲಿಯವ್ರಿಗೆ ಕೊಡ್ತಾರೆ. ಕೆಟ್ಟ ದನಿ ಇಟ್ಕೊಂಡು ಯಾರಾದ್ರೂ ಟೋಪಿ ಹಾಕ್ತಾರೇನೇ?"

ಮುಂದಿನ ವಾರ ಕರೆಂಟ್ ಕಂಪನಿಯ ಲಾರಿ ಬಂತು. ಅಭ್ಯಾಸಬಲದಿಂದ ಗೋಡೆ ಕುಟ್ಟಿ ಪರದೆಯ ಸಂದಿಯಿಂದ ಇಣುಕಿದೆ. ಲೈನ್‌ಮ್ಯಾನ್ ಕಂಬಕ್ಕೆ ಏಣಿ ಒರಗಿಸುತ್ತಿದ್ದ. ಬರಿಗಾಲಲ್ಲೇ ಓಡಿದೆ.

"ಏಯ್, ನಿಲ್ಲೋ! ಆಜ್ಞೆ ಇರೋದು ಗೊತ್ತಿಲ್ವಾ?"

"ಆಜ್ಞೆ ಜನ ಇರೋ ಮನೆಗೆ, ಮ್ಯಾಮ್. ಈ ಸಾಲೆಲ್ಲ ಖಾಲಿ. ನಮ್ಮ ಹುಡುಗಿ ಬಂದು ಪ್ರತಿ ಬಾಗಿಲೂ ತಟ್ಟಿದ್ಲು, ಒಂದು ನರಪಿಳ್ಳೆನೂ ಇರ್ಲಿಲ್ಲ."

ನಾನು ಎರಡೂ ಕೈ ಬೀಸಿದೆ. "ನಾನು ಕಾಣ್ತಿಲ್ವಾ ನಿಂಗೆ?"

"ಖಾಲಿ ಮನೆಗೆ ಕದ್ದು ನುಗ್ಗಿದೋರೂ ಹೀಗೇ ಬೀದಿಗೆ ಬಂದು ಕೂಗ್ತಾರೆ. ಇರೋದು ನಿಜ ಆದ್ರೆ ಬೇರೆಯೋರ್ನೂ ಕರೀರಿ."

ಕರೆದೆ. ಗಂಟಲು ಕಿತ್ತುಹೋಗುವಷ್ಟು ಕರೆದೆ. ಅಡಗಿಕೊಳ್ಳಿ ಅಂತ ಆಗತಾನೇ ಗೋಡೆ ಕುಟ್ಟಿ ಬಂದವಳು ನಾನು, ಯಾರು ಹೊರಗೆ ಬಂದಾರು? ಓಪಲ್‌ಳ ಬಾಗಿಲನ್ನು ಗುದ್ದಿದೆ.

"ತೆಗಿಯೇ! ನಾನು!"

"ಆ ಹಳದಿ ಜಾಕೆಟ್ ನಿನ್ನ ಹಿಂದೇನೇ ನಿಂತಿದೆ," ಒಳಗಿನಿಂದ ಪಿಸುದನಿ. "ಹೆದರಿಸಿ ಹೇಳಿಸ್ತಿದ್ದಾನಾ? ಹೌದಾದ್ರೆ ಕೆಮ್ಮು."

ಕೆಮ್ಮು ಬಂದದ್ದು ಒಳಗಿನಿಂದ. ಚಿಲಕ ಸರಿಯಿತು. ಹೊಸ್ತಿಲಲ್ಲಿ ಲಿನ್‌ವುಡ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕೊಳವೆ ಅವನ ಹಿಂದೆ ಕಿತ್ತುಬರುವಷ್ಟು ಜಗ್ಗಿತ್ತು, ತುಟಿ ನೀಲಿಯಾಗಿತ್ತು.

"ಖಾಲಿ ಮನೆ," ಒಂದು ಉಸಿರು ಎಳೆದುಕೊಂಡ, "ಕೆಮ್ಮುತ್ತೇನಯ್ಯಾ?"

ಮತ್ತೆ ಕೆಮ್ಮುತ್ತಾ ಚೌಕಟ್ಟಿಗೆ ಒರಗಿದ. ಲೈನ್‌ಮ್ಯಾನ್ ಎರಡು ಹೆಜ್ಜೆ ಹಿಂದೆ ಸರಿದು ಜೇಬಿನಿಂದ ಫೋನ್ ತೆಗೆದ.

"ಇವರ ಹೆಸರು ಹೇಳಿ. ಹೆಸರಿಲ್ದೆ ಇದ್ರೆ ನಾನು ಕಟ್ ಮಾಡ್ಲೇಬೇಕು."

ಗಂಡನ ಬೆನ್ನ ಹಿಂದಿನಿಂದ ಓಪಲ್ ನನ್ನತ್ತ ಕಣ್ಣು ಕೆಕ್ಕರಿಸಿ, ಬೇಡ ಬೇಡ ಅಂತ ತಲೆಯಾಡಿಸಿದಳು. ಹೆಸರು ಕೊಟ್ಟರೆ ಏನಾಗುತ್ತದೆಂದು ಅವಳಿಗೆ ಹೇಳಿಕೊಟ್ಟವಳೇ ನಾನು. ಈತ ಬರೆದುಕೊಂಡು ನಿಜಕ್ಕೂ ಬಿಡುತ್ತಾನೋ, ಬಾಕಿ ವಸೂಲಿಯವರಿಗೆ ಕೊಡುತ್ತಾನೋ? ಅವನ ಕಣ್ಣಲ್ಲಿ ನನಗೇನೂ ಕಾಣಲಿಲ್ಲ. ಭಯವಾಯಿತು. ಲಿನ್‌ವುಡ್‌ನ ಎದೆ ಏರಿ ಇಳಿಯುತ್ತಿತ್ತು.

"ಲಿನ್‌ವುಡ್ ಗ್ಯಾಸ್ಕಿನ್ಸ್," ಅಂದೆ. "ಆಕ್ಸಿಜನ್ ಮೇಲೆ ಬದುಕಿರೋನು. ಬರ್ಕೊ."

ಓಪಲ್ ಮುಖ ತಿರುಗಿಸಿಕೊಂಡಳು. ಆತ ಬರೆದುಕೊಂಡು, ಮುಂದಿನ ಮನೆ ಯಾರದು ಅಂದ. ಅದನ್ನೂ ಹೇಳಿದೆ.